ಯುವ ಅನಿಮೇಟರ್ ಆಗುವಿರಾದರೆ ಗಿಟಾರನ್ನು ತುಸು ಬದಿಗಿಡಿ

ಕಥೋಲಿಕ ಧರ್ಮಕೇಂದ್ರದಲ್ಲಿ (ಪ್ಯಾರಿಷ್‌ನಲ್ಲಿ) ಹೊಸದಾಗಿ ಯುವ ಅನಿಮೇಟರ್, ಅಂದರೆ ಯುವಜನರ ಗುಂಪನ್ನು ನಡೆಸುವ ಮಾರ್ಗದರ್ಶಿ, ಆದವರು ಮೊದಲ ತಿಂಗಳು ಟೀ-ಶರ್ಟ್ ಮಾಡಿಸುತ್ತಾರೆ, ಎರಡನೆಯ ತಿಂಗಳು ಪ್ರವಾಸ ಹೊರಡಿಸುತ್ತಾರೆ, ಕ್ರಿಸ್ಮಸ್ ಹೊತ್ತಿಗೆ ಗೋದಲಿ ಕಟ್ಟಲು ನಾಲ್ಕು ಜನ ಸಿಗದೆ ಗುರುಗಳ (ಪಾದ್ರಿಗಳ) ಮುಂದೆ ನಿಂತು ‘ಈಗಿನ ಮಕ್ಕಳಿಗೆ ಭಕ್ತಿಯೇ ಇಲ್ಲ’ ಎಂದು ದೂರುತ್ತಾರೆ. ಒಂದೆರಡು ಕಡೆಯಲ್ಲ, ಹಲವು ಧರ್ಮಕೇಂದ್ರಗಳಲ್ಲಿ ಇದನ್ನು ಕಂಡ ಮೇಲೆ, ಈ ಸೇವೆಗೆ ಇಳಿಯುವ ಕ್ರಮವನ್ನು ಬರೆದಿಡುವುದು ಒಳ್ಳೆಯದೆನಿಸಿತು.

ಮೊದಲ ಹೆಜ್ಜೆ, ಇದು ಯಾವ ಬಗೆಯ ಕೆಲಸವೆಂದು ತಿಳಿದುಕೊಳ್ಳುವುದು. ಅಮೆರಿಕದ ಅನೇಕ ಧರ್ಮಕೇಂದ್ರಗಳಲ್ಲಿ ಯುವಜನ ಸೇವೆಯು ಸಂಬಳದ ಹುದ್ದೆ. ನಮ್ಮಲ್ಲಿ ಬಹುಮಟ್ಟಿಗೆ ಅದು ಗೌರವ ಸೇವೆ. ಧರ್ಮಸಭೆಯ ಕಾನೂನು ಸಂಹಿತೆಯ 231ನೆಯ ವಿಧಿಯು ವಿಶೇಷ ಸೇವೆಗೆ ನಿಲ್ಲುವ ಶ್ರೀಸಾಮಾನ್ಯರು (ಗುರುಗಳಲ್ಲದ ಭಕ್ತರು) ತಕ್ಕ ತರಬೇತಿ ಪಡೆಯಬೇಕೆಂದು ಹೇಳುವುದರ ಜೊತೆಗೆ, ಅವರಿಗೆ ಯೋಗ್ಯ ಸಂಭಾವನೆಯ ಹಕ್ಕಿದೆಯೆಂದೂ ಹೇಳುತ್ತದೆ. ಮೊದಲರ್ಧವನ್ನು ನೀವು ಪಾಲಿಸಿರಿ. ಎರಡನೆಯರ್ಧವನ್ನು ನಂಬಿ ಇರುವ ನೌಕರಿಯನ್ನು ಬಿಡಬೇಡಿರಿ.

ಎರಡನೆಯ ಹೆಜ್ಜೆಗೆ ಹೆಚ್ಚು ವಿವರಣೆ ಬೇಡ: ಧರ್ಮಕೇಂದ್ರದ ಗುರುಗಳನ್ನು ಕಂಡು ಒಪ್ಪಿಗೆ ಪಡೆಯಿರಿ, ಧರ್ಮಪ್ರಾಂತ್ಯದ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ಯುವ ಆಯೋಗದಲ್ಲಿ ಹೆಸರು ಬರೆಯಿಸಿರಿ. ಪ್ರೌಢಶಾಲೆ ಮತ್ತು ಪಿಯುಸಿ ಮಕ್ಕಳಿಗೆ ವೈಸಿಎಸ್ (ಯುವ ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆ), ಅವರಿಗಿಂತ ದೊಡ್ಡವರಿಗೆ ಐಸಿವೈಎಂ (ಭಾರತೀಯ ಕಥೋಲಿಕ ಯುವ ಚಳವಳಿ) ಇವೆ. ಎರಡನ್ನೂ ಒಬ್ಬರೇ ಹೊತ್ತುಕೊಳ್ಳುವುದು ಬೇಡ. ತರಬೇತಿಯ ವಿಷಯದಲ್ಲಿ ಮಾತ್ರ ನನ್ನದೊಂದು ಹಟವಿದೆ. ಎರಡು ದಿನ ಭಾಷಣ ಕೇಳಿಸಿ, ಚಿನ್ನದ ಬಣ್ಣದ ಅಂಚಿರುವ ‘ನಾಯಕತ್ವ’ ಪ್ರಮಾಣಪತ್ರ ಕೊಟ್ಟು ಕಳುಹಿಸುವ ಶಿಬಿರಗಳಿಗೆ ಹಣ ಕಟ್ಟಬೇಡಿರಿ. ಅದರ ಬದಲು ಪೋಪ್ ಫ್ರಾನ್ಸಿಸ್ ಅವರು 2018ರಲ್ಲಿ ಯುವಜನರ ಕುರಿತು ನಡೆದ ಸಿನೋಡಿನ (ಬಿಷಪರ ಮಹಾಸಭೆಯ) ತರುವಾಯ 2019ರ ಮಾರ್ಚ್ 25ರಂದು ಸಹಿ ಹಾಕಿದ ‘ಕ್ರಿಸ್ತುಸ್ ವಿವಿತ್’ ಪತ್ರವನ್ನು ದಿನಕ್ಕೆ ಹತ್ತು ಪರಿಚ್ಛೇದಗಳಂತೆ ಓದಿದರೆ, ಅದರ 299 ಪರಿಚ್ಛೇದಗಳು ಒಂದು ತಿಂಗಳಲ್ಲಿ ಮುಗಿಯುತ್ತವೆ.

ಮೂರನೆಯದಾಗಿ, ಎರಡು ತಿಂಗಳು ಏನನ್ನೂ ಆಯೋಜಿಸದೆ ಇರಿ. ಭಾನುವಾರದ ಬಲಿಪೂಜೆ (ಮಾಸ್) ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ಯುವಕ ಯುವತಿಯರ ಹೆಸರು, ಓದು, ಕೆಲಸದ ಪಾಳಿ, ಮನೆಮಾತುಗಳನ್ನು ತಿಳಿದು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿರಿ. ಬೆಂಗಳೂರಿನಂಥ ಊರಿನಲ್ಲಿ ಒಂದೇ ದೇವಾಲಯದಲ್ಲಿ ಕನ್ನಡ, ತಮಿಳು, ಕೊಂಕಣಿ, ಇಂಗ್ಲಿಷ್ ಬಲಿಪೂಜೆಗಳು ಬೇರೆ ಬೇರೆ ಹೊತ್ತಿಗೆ ನಡೆಯುವುದುಂಟು. ಒಂದನ್ನೇ ನೋಡಿ ‘ನಮ್ಮಲ್ಲಿ ಇಷ್ಟೇ ಯುವಕರು’ ಎಂದು ಲೆಕ್ಕ ಹಾಕಿದವರು ಉಳಿದವರನ್ನು ಮೊದಲ ದಿನವೇ ಹೊರಗಿಟ್ಟಂತಾಗುತ್ತದೆ.

ಇನ್ನು ಎಲ್ಲರೂ ಎಡವುವ ಹೆಜ್ಜೆ: ಸಭೆ ನಡೆಸುವುದು. ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ ಅವರು ಕಾರ್ಖಾನೆಗಳ ಎಳೆಯ ಕಾರ್ಮಿಕರ ನಡುವೆ ರೂಢಿಗೆ ತಂದ ‘ನೋಡು, ತೂಗಿನೋಡು, ಕಾರ್ಯಕ್ಕಿಳಿ’ ಎಂಬ ಮೂರು ಮೆಟ್ಟಿಲಿನ ವಿಧಾನವನ್ನು ಪೋಪ್ ಇಪ್ಪತ್ತಮೂರನೆಯ ಜಾನ್ ಅವರು 1961ರ ತಮ್ಮ ವಿಶ್ವಪತ್ರದಲ್ಲಿ ಎತ್ತಿಹಿಡಿದರು. ವೈಸಿಎಸ್ ಇಂದಿಗೂ ಇದನ್ನೇ ಅನುಸರಿಸುತ್ತದೆ. ಹೇಳಲು ಇಷ್ಟು ಸುಲಭವಾದ ಈ ವಿಧಾನವನ್ನು ಕೆಡಿಸುವ ಬಗೆಗಳು ಎರಡು. ಮೊದಲ ಮೆಟ್ಟಿಲನ್ನು ಐದು ನಿಮಿಷದಲ್ಲಿ ಮುಗಿಸಿ ಮೂರನೆಯದಕ್ಕೆ ಹಾರುವುದು ಒಂದು. ನಡುವಿನ ಮೆಟ್ಟಿಲನ್ನು ತಾವೇ ಆಕ್ರಮಿಸಿ ಪ್ರಬೋಧನೆಯಾಗಿಸುವುದು ಇನ್ನೊಂದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಲವರು ಭಾನುವಾರದ ಪೂಜೆಗೆ ಬರುತ್ತಿಲ್ಲ. ‘ಯಾಕೆ ಬರುವುದಿಲ್ಲ?’ ಎಂದು ಕೇಳಬೇಡಿರಿ. ಅದು ವಿಚಾರಣೆಯಂತೆ ಕೇಳಿಸುತ್ತದೆ. ‘ನಿಮ್ಮ ಶನಿವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ಹೇಗೆ ಕಳೆಯುತ್ತದೆ?’ ಎಂದು ಕೇಳಿ, ಒಬ್ಬೊಬ್ಬರೂ ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕದೆ ಕುಳಿತಿರಿ. ಆಗ ಒಬ್ಬಳ ಕಾಲ್ ಸೆಂಟರ್ ಪಾಳಿ ಭಾನುವಾರ ಬೆಳಿಗ್ಗೆ ಆರಕ್ಕೆ ಮುಗಿಯುತ್ತದೆಂದೂ, ಒಬ್ಬನಿಗೆ ನೀಟ್ ಕೋಚಿಂಗ್ ಪರೀಕ್ಷೆ ಇರುವುದು ಭಾನುವಾರವೇ ಎಂದೂ, ಮತ್ತೊಬ್ಬನಿಗೆ ಪೂಜೆಯೆಂದರೆ ಬೇಸರವೆಂದೂ ತಿಳಿಯುತ್ತದೆ. ಮೂವರ ಕಾರಣವೂ ಬೇರೆ. ಮೂವರಿಗೂ ಒಂದೇ ಉಪದೇಶ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಿರಿ. ಒಂದೂವರೆ ಗಂಟೆಯ ಸಭೆಯಲ್ಲಿ ಈ ‘ನೋಡು’ ಭಾಗಕ್ಕೇ ಮುಕ್ಕಾಲು ಗಂಟೆ ಮೀಸಲಿಡಬೇಕು. ನಡುವೆ ಮೌನ ಬಿದ್ದರೆ ಗಾಬರಿಯಿಂದ ಹಾಡು ಶುರುಮಾಡಬೇಡಿರಿ; ಮೊದಲ ನಿಜವಾದ ಮಾತು ಸಾಮಾನ್ಯವಾಗಿ ಆ ಮೌನದ ಬೆನ್ನಿಗೇ ಬರುತ್ತದೆ. ಗಿಟಾರ್ ಬೇಡವೆಂದದ್ದು ಈ ಕಾರಣಕ್ಕೆ.

‘ತೂಗಿನೋಡು’ ಭಾಗದಲ್ಲಿ ಶುಭಸಂದೇಶದ ಒಂದೇ ಭಾಗವನ್ನು ಓದಿಸಿರಿ. ಈ ವಿಷಯಕ್ಕಾದರೆ ಸಬ್ಬತ್ ದಿನ (ಯೆಹೂದ್ಯರ ವಾರದ ವಿಶ್ರಾಂತಿ ದಿನ) ಇರುವುದು ಮನುಷ್ಯನಿಗಾಗಿ ಎಂದು ಯೇಸು ಹೇಳುವ ಮಾರ್ಕನ ಎರಡನೆಯ ಅಧ್ಯಾಯ ಸಾಕು. ಓದಿದ ಮೇಲೆ ಅರ್ಥ ವಿವರಿಸಲು ನಿಮ್ಮ ನಾಲಿಗೆ ತುರಿಸುತ್ತದೆ; ತಡೆದುಕೊಳ್ಳಿರಿ. ಲೂಕನ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಎಮ್ಮಾವಿನ ದಾರಿ ಹಿಡಿದ ಇಬ್ಬರು ಶಿಷ್ಯರ ಜೊತೆಗೂಡುವ ಯೇಸು, ಮೊದಲು ಅವರು ಏನು ಮಾತಾಡಿಕೊಳ್ಳುತ್ತಿದ್ದಾರೆಂದು ಕೇಳುತ್ತಾನೆ, ಅವರ ನಿರಾಶೆಯ ಕಥೆಯನ್ನು ಪೂರ್ತಿ ಹೇಳಿಸುತ್ತಾನೆ, ಆಮೇಲೆ ತಾನೇ ಧರ್ಮಗ್ರಂಥವನ್ನು ಬಿಡಿಸಿಹೇಳುತ್ತಾನೆ. ವಿವರಿಸುವ ಸರದಿ ನಿಮಗೂ ಬರುತ್ತದೆ, ಆದರೆ ಕೊನೆಯ ಐದು ನಿಮಿಷದಲ್ಲಿ. ‘ಕಾರ್ಯಕ್ಕಿಳಿ’ ಎಂಬ ಭಾಗದಲ್ಲಿ ತೀರ್ಮಾನ ಸಣ್ಣದಿರಲಿ, ಹೆಸರು ಮತ್ತು ದಿನಾಂಕ ಅದಕ್ಕೆ ಅಂಟಿರಲಿ: ಭಾನುವಾರ ಸಂಜೆ ಪೂಜೆಯಿರುವ ಹತ್ತಿರದ ದೇವಾಲಯಗಳ ಪಟ್ಟಿಯನ್ನು ಇಂಥವಳು ಬರುವ ಶನಿವಾರದೊಳಗೆ ಮಾಡಿಕೊಡುತ್ತಾಳೆ, ಅಷ್ಟೇ. ಬೇಸರವೆಂದವನನ್ನು ಮುಂದಿನ ವಾರ ಬೈಬಲ್ ವಾಚನಕ್ಕೆ ಹೆಸರಿಸಿ ‘ಸರಿಪಡಿಸುವ’ ಜಾಣತನ ಬೇಡ; ಅವನೊಡನೆ ಚಹಾ ಕುಡಿಯಿರಿ.

ಸಭೆಯಲ್ಲಿ ಹನ್ನೆರಡು ಜನಕ್ಕಿಂತ ಹೆಚ್ಚಾದರೆ ಎರಡು ಗುಂಪು ಮಾಡಿರಿ. ಕುರ್ಚಿಗಳ ಸಾಲು ಬೇಡ, ಚಾಪೆಯ ಮೇಲೆ ದುಂಡಗೆ ಕೂರಿರಿ. ಮೈಕಂತೂ ಬೇಡವೇ ಬೇಡ. ಅಂತರ್ಜಾಲದಿಂದ ಇಳಿಸಿಕೊಂಡ ಆಟಗಳ ಕಟ್ಟುಗಳನ್ನೂ ದೂರವಿಡಿ. ಯಾವುದೋ ದೇಶದ ಶಾಲೆಗೆಂದು ಮಾಡಿದ ಆಟಕ್ಕೆ ಮಾರ್ಷ್‌ಮ್ಯಾಲೋ ಹುಡುಕಿಕೊಂಡು ಸಂಜೆಯೆಲ್ಲ ಅಲೆದ ಅನಿಮೇಟರ್ ಒಬ್ಬರನ್ನು ನಾನು ಬಲ್ಲೆ. ಲಗೋರಿಗೆ ಏಳು ಚಪ್ಪಟೆ ಕಲ್ಲುಗಳಿದ್ದರೆ ಆಯಿತು. ದೃಢೀಕರಣ ಸಂಸ್ಕಾರ ಬೇಕಾದರೆ ಯುವ ಸಭೆಗೆ ಹಾಜರಾಗಿ ಸಹಿ ಹಾಕಬೇಕೆಂಬ ಅಡ್ಡದಾರಿಯಿಂದ ಹಾಜರಿ ತುಂಬುವುದು ನಿಜ, ಆದರೆ ಸಂಸ್ಕಾರದ ಮರುವಾರ ಚಾಪೆ ಖಾಲಿಯಾಗುತ್ತದೆ.

ಐದನೆಯ ಹೆಜ್ಜೆಯಲ್ಲಿ ರಿಯಾಯಿತಿಯಿಲ್ಲ. ನಿಮ್ಮನ್ನು ನಂಬಿದ ಮೇಲೆ ಯಾರಾದರೂ ಬಂದು ‘ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಿ ಅಕ್ಕಾ’ ಎನ್ನುತ್ತಾರೆ. ಆ ಮಾತನ್ನು ಕೊಡಬೇಡಿರಿ. ಪಾಪನಿವೇದನೆಯ ಮುದ್ರೆ, ಅಂದರೆ ಅಲ್ಲಿ ಕೇಳಿದ್ದನ್ನು ಯಾರಿಗೂ ಹೇಳಬಾರದೆಂಬ ಕಟ್ಟು, ಗುರುಗಳಿಗೆ ಸೇರಿದ್ದು, ನಿಮಗೆ ಅದಿಲ್ಲ. ‘ನಿನ್ನ ಮಾತನ್ನು ಊರಿಗೆ ಹರಡುವುದಿಲ್ಲ, ಆದರೆ ನಿನಗೆ ಅಪಾಯವಿದ್ದರೆ ನೆರವಾಗುವವರಿಗೆ ತಿಳಿಸಲೇಬೇಕಾಗುತ್ತದೆ’ ಎಂದು ಮೊದಲೇ ಹೇಳಿಬಿಡಿರಿ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ಮುಚ್ಚಿಟ್ಟರೆ ಅದೂ ಶಿಕ್ಷಾರ್ಹ. ಆರೋಪಿ ಎಷ್ಟು ದೊಡ್ಡವರೆಂಬುದಾಗಲಿ, ‘ಮೊದಲು ನಮ್ಮೊಳಗೆ ವಿಚಾರಿಸೋಣ’ ಎಂಬ ಹಿರಿಯರ ಸಲಹೆಯಾಗಲಿ ಇಲ್ಲಿ ಲೆಕ್ಕಕ್ಕೆ ಬಾರದು. ಮಕ್ಕಳ ಸಹಾಯವಾಣಿ 1098. ಮನಸ್ಸು ಕುಸಿದವರಿಗೆ ಟೆಲಿ-ಮಾನಸ್ 14416. ಇವೆರಡನ್ನೂ ಸಭೆಯ ಕೋಣೆಯ ಗೋಡೆಗೆ ಅಂಟಿಸಿರಿ. ಎಳೆಯರೊಡನೆ ಮುಚ್ಚಿದ ಬಾಗಿಲ ಹಿಂದೆ ಮಾತು, ರಾತ್ರಿ ಒಂಬತ್ತರ ಮೇಲೆ ಖಾಸಗಿ ವಾಟ್ಸಾಪ್ ಸಂದೇಶ ಎರಡೂ ಕೂಡದು. ಯಾರ ಅಳಲನ್ನೂ ಆ ನೋಟ್‌ಬುಕ್‌ನಲ್ಲಿ ಬರೆಯಬಾರದು.

ಹಬ್ಬ, ಶಿಬಿರಗಳು ಇದಾದ ಮೇಲೆ. 2021ರಿಂದ ಧರ್ಮಪ್ರಾಂತ್ಯಗಳ ಮಟ್ಟದ ಯುವ ದಿನಾಚರಣೆ ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರದ ಬದಲು ಕ್ರಿಸ್ತರಾಜರ ಹಬ್ಬದಂದು ನಡೆಯುತ್ತಿದೆ. ವರ್ಷಕ್ಕೆ ಅದೊಂದನ್ನು ಅಚ್ಚುಕಟ್ಟಾಗಿ ಮಾಡಿದರೆ ಸಾಕು.

ಕೊನೆಯ ಹೆಜ್ಜೆ, ಬಿಟ್ಟುಕೊಡುವುದು. ಮೂರು ವರ್ಷಕ್ಕಿಂತ ಹೆಚ್ಚು ಕಾಲ ಈ ಜಾಗದಲ್ಲಿರಬೇಡಿರಿ, ಮೂರನೆಯ ವರ್ಷದ ಸಭೆಗಳನ್ನು ನಿಮ್ಮ ಗುಂಪಿನವರೇ ನಡೆಸಲಿ. ಹೊರಡುವ ದಿನ ಕೋಣೆಯ ಬೀಗದ ಕೈ, ಲೆಕ್ಕದ ಪುಸ್ತಕ, ಹೆಸರುಗಳ ನೋಟ್‌ಬುಕ್, ವಾಟ್ಸಾಪ್ ಗುಂಪಿನ ಅಡ್ಮಿನ್ ಹಕ್ಕು ನಾಲ್ಕನ್ನೂ ಒಟ್ಟಿಗೇ ಒಪ್ಪಿಸಿರಿ. ಮೊದಲ ಮೂರನ್ನು ಸಂತೋಷದಿಂದ ಕೊಟ್ಟು, ನಾಲ್ಕನೆಯದನ್ನು ವರ್ಷಗಟ್ಟಲೆ ಕೈಯಲ್ಲೇ ಇಟ್ಟುಕೊಂಡವರನ್ನು ನಾನು ಬಹಳ ಮಂದಿ ಕಂಡಿದ್ದೇನೆ.