ಫ್ಲೋರಿಡಾದಲ್ಲಿ ವೋಟು ವಾಪಸ್ ಪಡೆಯಲು ಹಳೇ ರಸೀದಿ ಹುಡುಕಿದ್ದು

ಮತದಾರರ ನೋಂದಣಿ ಅರ್ಜಿ ತುಂಬಲು ಐದು ನಿಮಿಷ ಸಾಕು. ಅದಕ್ಕೆ ಮುಂಚಿನ ಕೆಲಸಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಮೆರಿಕದ ಫ್ಲೋರಿಡಾ ರಾಜ್ಯದ ಓರ್ಲಾಂಡೋದಲ್ಲಿ, ಶಿಕ್ಷೆ ಮುಗಿಸಿ ಬಂದವರ ಪಕ್ಕ ಕೂತು ನಾನು ಕಲಿತದ್ದು ಇದನ್ನೇ.

ಹಾಸನದ ಕಡೆಯವಳಾದ ನನಗೆ ಮೊದಲು ಇದು ಅರ್ಥವೇ ಆಗಿರಲಿಲ್ಲ. ನಮ್ಮಲ್ಲಿ ಜೈಲಿನೊಳಗೆ ಇರುವಷ್ಟು ದಿನ ವೋಟು ಹಾಕುವಂತಿಲ್ಲ, ಹೊರಗೆ ಬಂದರೆ ಹಾಕಬಹುದು. ಫ್ಲೋರಿಡಾದಲ್ಲಿ ಫೆಲನಿ, ಅಂದರೆ ದೊಡ್ಡ ಅಪರಾಧ ಸಾಬೀತಾದರೆ ಸಾಯುವವರೆಗೂ ವೋಟು ಇರಲಿಲ್ಲ. ವಾಪಸ್ ಬೇಕೆಂದರೆ ಗವರ್ನರ್ ಮತ್ತು ಅವರ ಮಂಡಳಿ ದೊಡ್ಡ ಮನಸ್ಸು ಮಾಡಬೇಕಿತ್ತು. 2018ರಲ್ಲಿ ಜನರೇ ಶೇ. 64ಕ್ಕಿಂತ ಜಾಸ್ತಿ ಮತ ಹಾಕಿ ಅದನ್ನು ಬದಲಿಸಿದರು. ಶಿಕ್ಷೆ ಪೂರ್ತಿ ಮುಗಿಸಿದವರಿಗೆ ಹಕ್ಕು ವಾಪಸ್ ಬಂತು, ಕೊಲೆ ಮತ್ತು ಲೈಂಗಿಕ ಅಪರಾಧ ಬಿಟ್ಟು. ಮರುವರ್ಷವೇ ಇನ್ನೊಂದು ಕಾನೂನು. ಕೋರ್ಟು ಹಾಕಿದ ದಂಡ, ಶುಲ್ಕ, ಪರಿಹಾರ ಎಲ್ಲ ತೀರಿದರೇ ಶಿಕ್ಷೆ ಮುಗಿದ ಹಾಗೆ. ಯಾರ ಬಾಕಿ ಎಷ್ಟು ಅಂತ ಒಂದೇ ಕಡೆ ನೋಡೋಣ ಅಂದರೆ ಅದಕ್ಕೆ ವ್ಯವಸ್ಥೆಯೇ ಇಲ್ಲ. 67 ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥವು, 67 ಕಡೆ ದಾಖಲೆ.

ಎ.ಸಿ. ರಿಪೇರಿ ಮಾಡುವ ಒಬ್ಬರು ಬಂದಿದ್ದರು. ವಯಸ್ಸು ಅರವತ್ತರ ಹತ್ತಿರ. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಅದರ ತುಂಬ ರಸೀದಿ. "311 ಡಾಲರ್ ಬಾಕಿ ಇದೆಯಂತೆ ಮ್ಯಾಮ್, ನನ್ನದು ಆಗಲ್ಲ ಬಿಡಿ" ಅಂದರು.

ನಾನು ಬಾಕಿ ಲೆಕ್ಕವನ್ನು ಮೊದಲು ನೋಡುವುದಿಲ್ಲ. ಶಿಕ್ಷೆ ವಿಧಿಸಿದ ದಿನದ ಕೋರ್ಟ್ ಕಾಗದದ ನಕಲು ತರಿಸುತ್ತೇನೆ. ಎಷ್ಟೋ ಕೇಸಿನಲ್ಲಿ ಜಡ್ಜ್ ಪ್ರೊಬೇಷನ್ ಕೊಟ್ಟು, ಅಂದರೆ ಜೈಲಿನ ಬದಲು ಹೊರಗೇ ನಿಗಾದಲ್ಲಿ ಇರಿಸಿ, ತಪ್ಪಿತಸ್ಥ ಅಂತ ಘೋಷಿಸುವುದನ್ನು ತಡೆಹಿಡಿದಿರುತ್ತಾರೆ. ಅಂಥವರ ವೋಟು ಹೋಗಿಯೇ ಇರುವುದಿಲ್ಲ! ಸುಮ್ನೆ ಹೆದರಿಕೊಂಡು ವರ್ಷಗಟ್ಟಲೆ ದೂರ ಉಳಿದಿರುತ್ತಾರೆ. ಇವರದು ಹಾಗಿರಲಿಲ್ಲ. ಕಾಗದದಲ್ಲಿ ಒಟ್ಟು 678 ಡಾಲರ್ ಕಟ್ಟಬೇಕು ಅಂತಿತ್ತು. ಮಿಕ್ಕಿದ್ದೆಲ್ಲ ಆಮೇಲೆ ಸೇರಿದ್ದು. ವಸೂಲಿ ಏಜೆನ್ಸಿಗೆ ಹೋದ ಸಾಲದ ಮೇಲೆ ಶೇ. 40ರವರೆಗೂ ಹೇರಬಹುದು. ವೋಟಿನ ಲೆಕ್ಕಕ್ಕೆ ಅದು ಬರುವುದಿಲ್ಲ. ಇನ್ನೂ ಮುಖ್ಯವಾದದ್ದು, ಅವರು ಯಾವ ಹೆಸರಿನಲ್ಲಿ ಕಟ್ಟಿದ್ದರೂ ಪ್ರತಿ ಡಾಲರೂ ಆ 678ಕ್ಕೇ ಜಮಾ.

ಮೇಜಿನ ಮೇಲೆ ವರ್ಷವಾರು ರಸೀದಿ ಹರಡಿದೆವು. ಕೆಲವದರ ಅಕ್ಷರ ಅಳಿಸಿಹೋಗಿತ್ತು, ಕಿಟಕಿ ಬೆಳಕಿಗೆ ಹಿಡಿದು ಓದಿದೆವು. ಒಟ್ಟು 720. ಅವರೇ ಎರಡನೇ ಸಲ ಕೂಡಿಸಿ ನೋಡಿದರು.

ಆದರೂ ಅವತ್ತೇ ಸಹಿ ಹಾಕಿಸಲಿಲ್ಲ. ಅರ್ಜಿಯ ಕೆಳಗಿರುವುದು ಪ್ರಮಾಣ. ಬೇಕಂತಲೇ ಸುಳ್ಳು ಬರೆದರೆ ಅದೇ ಇನ್ನೊಂದು ಫೆಲನಿ. 2022ರ ಆಗಸ್ಟಿನಲ್ಲಿ ಹಕ್ಕಿಲ್ಲದೆ ವೋಟು ಹಾಕಿದರೆಂದು 20 ಜನರ ಮೇಲೆ ಕೇಸು ಬಿತ್ತು. ಅವರಲ್ಲಿ ಎಷ್ಟೋ ಜನಕ್ಕೆ ವೋಟರ್ ಕಾರ್ಡ್ ಮನೆಗೇ ಬಂದಿತ್ತು. ಕಾರ್ಡ್ ಬಂತು ಅಂದರೆ ಹಕ್ಕಿದೆ ಅಂತಲೇ ಯಾರಾದರೂ ತಿಳಿಯುತ್ತಾರೆ, ಅಲ್ವಾ? ಅದಕ್ಕೇ ನಾನು ಯಾರಿಗೂ ಅಂದಾಜಿನ ಮೇಲೆ ಸಹಿ ಹಾಕಿ ಅನ್ನುವುದಿಲ್ಲ. ಎಲ್ಲದರ ನಕಲು ಇಟ್ಟು, ತಲಹಾಸಿಯಲ್ಲಿರುವ ರಾಜ್ಯ ಚುನಾವಣಾ ವಿಭಾಗಕ್ಕೆ ಲಿಖಿತ ಅಭಿಪ್ರಾಯ ಕೇಳಿ ಬರೆದೆವು. ಮತದಾನಕ್ಕೆ 29 ದಿನ ಮುಂಚೆ ನೋಂದಣಿ ಮುಗಿದಿರಬೇಕು, ಹಾಗಾಗಿ ಬೇಸಿಗೆಯಲ್ಲೇ ಕಳಿಸಿದೆವು. ಉತ್ತರ ಬಂತು. ಸಹಿ ಹಾಕಿದರು.

2024ರ ನವೆಂಬರಿನಲ್ಲಿ ಅವರು ಬೂತಿಗೂ ಆ ಡಬ್ಬಿ ತಂದಿದ್ದರು, ಉತ್ತರದ ಕಾಗದ ಎಲ್ಲಕ್ಕಿಂತ ಮೇಲಿತ್ತು. ಯಾರೂ ಕೇಳಲಿಲ್ಲ. ಐಡಿ ತೋರಿಸಿದರು, ಬ್ಯಾಲೆಟ್ ತಗೊಂಡರು. ಡಬ್ಬಿ ಹಿಡಿದುಕೊಂಡು ನಾನು ಹೊರಗೆ ನಿಂತಿದ್ದೆ.