ಹೊರದೇಶದಲ್ಲಿ ಕಾಂಟ್ರಾಕ್ಟ್ ಕೆಲಸ: ತೆರಿಗೆಗೆ ನೀವು ಯಾವ ದೇಶದ ನಿವಾಸಿ?

‘183 ದಿನ ದಾಟದಿದ್ದರೆ ಆಯ್ತು, ತೆರಿಗೆ ಬರೋದಿಲ್ಲ.’ ಹೊರದೇಶಕ್ಕೆ ಕಾಂಟ್ರಾಕ್ಟ್ ಮೇಲೆ ಹೊರಟವರಿಗೆ ಯಾರಾದರೊಬ್ಬರು ಹೀಗೆ ಹೇಳಿಯೇ ಇರುತ್ತಾರೆ. ಇದನ್ನೇ ನಂಬಿ ಕೂರಬೇಡಿ. ನೀವು ಎಲ್ಲಿಯ ತೆರಿಗೆ ನಿವಾಸಿ, ಅಂದರೆ ತೆರಿಗೆಯ ಲೆಕ್ಕಕ್ಕೆ ಯಾವ ದೇಶದವರು ಎಂಬುದನ್ನು ಒಂದೊಂದು ದೇಶವೂ ತನ್ನದೇ ಕಾನೂನಿನಿಂದ ತೀರ್ಮಾನಿಸುತ್ತದೆ. ಹಾಗಾಗಿ ಒಂದೇ ವರ್ಷ ಎರಡು ದೇಶಗಳಿಗೆ ನಿವಾಸಿಯಾಗಿಬಿಡುವುದೂ ಉಂಟು.

ಮೊದಲು ದಿನಗಳ ಪಟ್ಟಿ ಮಾಡಿ. ಬಂದ ದಿನ, ಹೋದ ದಿನ, ಟಿಕೆಟ್, ಬೋರ್ಡಿಂಗ್ ಪಾಸ್ ಎಲ್ಲವನ್ನೂ ಎತ್ತಿಡಿ. ಆಮೇಲೆ ಆ ದೇಶದ ತೆರಿಗೆ ವರ್ಷ ಯಾವಾಗ ಶುರುವಾಗುತ್ತದೆ ನೋಡಿ. ಬ್ರಿಟನ್‌ನಲ್ಲಿ ಅದು ಏಪ್ರಿಲ್ 6ಕ್ಕೆ, ಅಮೆರಿಕದಲ್ಲಿ ಜನವರಿ 1ಕ್ಕೆ. ದಿನ ಎಣಿಸುವ ರೀತಿಯೂ ಬೇರೆ. ಬ್ರಿಟನ್ ಸಾಮಾನ್ಯವಾಗಿ ಮಧ್ಯರಾತ್ರಿ ಅಲ್ಲಿದ್ದಿರಾ ಎಂದು ನೋಡುತ್ತದೆ. ಅಮೆರಿಕದಲ್ಲಿ ಸ್ವಲ್ಪ ಹೊತ್ತು ಇದ್ದರೂ ಬಹುಪಾಲು ಅದು ಒಂದು ದಿನವೇ.

ಅಮೆರಿಕದ ಲೆಕ್ಕವನ್ನು ಬಿಡಿಸಿಯೇ ನೋಡಬೇಕು, ಜಾಸ್ತಿ ಜನ ಎಡವುವುದು ಇಲ್ಲೇ. ಈ ವರ್ಷದ ದಿನಗಳು ಪೂರ್ತಿ, ಹಿಂದಿನ ವರ್ಷದವು ಮೂರರಲ್ಲಿ ಒಂದು ಭಾಗ, ಅದರ ಹಿಂದಿನದರ ಆರರಲ್ಲಿ ಒಂದು ಭಾಗ. ಮೂರೂ ಸೇರಿ 183 ಅಥವಾ ಹೆಚ್ಚಾದರೆ, ಜೊತೆಗೆ ಈ ವರ್ಷ ಕನಿಷ್ಠ 31 ದಿನ ಇದ್ದಿದ್ದರೆ, ನೀವು ನಿವಾಸಿ. ವರ್ಷಕ್ಕೆ 122 ದಿನದಂತೆ ಮೂರು ವರ್ಷ ಹೋದವರಿಗೆ 122, 40.67, 20.33 ಸೇರಿ ಸರಿಯಾಗಿ 183! ವರ್ಷಕ್ಕೆ ನಾಲ್ಕೇ ತಿಂಗಳು ಅಲ್ವಾ ಎಂದುಕೊಂಡವರು ಸಿಕ್ಕಿಕೊಳ್ಳುತ್ತಾರೆ. ಕೆಲವರಿಗೆ ವಿನಾಯಿತಿ ಇದೆ, ಆದರೆ ಅದನ್ನು ಕೇಳಿ ಪಡೆಯಬೇಕು.

ದಿನ ಕಮ್ಮಿ ಇದ್ದರೂ ನಂಟು ಉಳಿದಿರಬಹುದು. ಜರ್ಮನಿಯಲ್ಲಿ ನಿಮ್ಮ ಬಳಕೆಗೆಂದೇ ಇಟ್ಟುಕೊಂಡ ಮನೆಯೊಂದಿದ್ದರೆ ಅದರಿಂದಲೇ ನಿವಾಸಿಯಾಗಬಹುದು. ಬ್ರಿಟನ್ 2013ರಲ್ಲಿ ತಂದ ನಿಯಮದಲ್ಲಿ ಕುಟುಂಬ, ಮನೆ, ಕೆಲಸದಂಥ ನಂಟುಗಳು ಹೆಚ್ಚಿದಷ್ಟೂ ನಿವಾಸಿಯಾಗದೆ ಇರಬಹುದಾದ ದಿನಗಳು ಕಡಿಮೆ. ಇತ್ತೀಚೆಗಷ್ಟೇ ಬಿಟ್ಟುಹೋದವರಿಗೆ ಅಂಥ ನಾಲ್ಕು ನಂಟಿದ್ದರೆ ನಿವಾಸಿಯಾಗಲು 16 ದಿನವೇ ಸಾಕಾಗಬಹುದು. ಕಾಂಟ್ರಾಕ್ಟ್ ಮುಗಿದ ಮೇಲೆ ‘ಇರಲಿ ಬಿಡಿ’ ಎಂದು ಮನೆ ಉಳಿಸಿಕೊಳ್ಳುವವರು ಇದನ್ನು ಎರಡು ಸಲ ಓದಲಿ.

ಎರಡೂ ದೇಶ ‘ನಮ್ಮವರು’ ಎಂದರೆ ಅವುಗಳ ನಡುವಿನ ತೆರಿಗೆ ಒಪ್ಪಂದ ತೆಗೆದು ನೋಡಿ. ಬಹಳಷ್ಟು ಒಪ್ಪಂದಗಳಲ್ಲಿ ನಾಲ್ಕನೇ ವಿಧಿ ಇದರದ್ದೇ. ಮೊದಲ ಪ್ರಶ್ನೆ: ಕಾಯಂ ಮನೆ ಎಲ್ಲಿದೆ? ಎರಡೂ ಕಡೆ ಇದ್ದರೆ, ಸಂಸಾರ ಮತ್ತು ಹಣಕಾಸಿನ ವ್ಯವಹಾರ ಹೆಚ್ಚಾಗಿ ಎಲ್ಲಿದೆ? ಅದೂ ಬಗೆಹರಿಯದಿದ್ದರೆ ರೂಢಿಯಲ್ಲಿ ಎಲ್ಲಿ ಇರುತ್ತೀರಿ, ಆಮೇಲೆ ಪೌರತ್ವ. ಕೊನೆಗೆ ಎರಡು ದೇಶಗಳ ಅಧಿಕಾರಿಗಳೇ ಮಾತಾಡಿಕೊಳ್ಳಬೇಕು. ಇದೇ ಅನುಕ್ರಮದಲ್ಲಿ ನಿಮ್ಮ ಉತ್ತರಗಳನ್ನು ಬರೆದಿಡಿ.

ನಿವಾಸಿಯಲ್ಲ ಎಂದಾದರೂ ಅಲ್ಲೇ ಕೂತು ಮಾಡಿದ ಕೆಲಸದ ಸಂಪಾದನೆಗೆ ಆ ದೇಶ ತೆರಿಗೆ ಕೇಳಬಹುದು. ಒಪ್ಪಂದಗಳಲ್ಲಿ ಬರುವ 183 ದಿನದ ರಿಯಾಯಿತಿ ಬಹುತೇಕ ಸಂಬಳದಾರರಿಗೆ, ಅದಕ್ಕೂ ಬೇರೆ ಷರತ್ತುಗಳಿವೆ. ಸ್ವಂತ ಇನ್‌ವಾಯ್ಸ್ ಕೊಟ್ಟು ದುಡಿಯುವವರಿಗೆ ಅಲ್ಲಿ ಕಾಯಂ ಕಚೇರಿಯಂಥದ್ದು ಇದೆಯೇ ಎಂಬ ಪ್ರಶ್ನೆ ಬರುತ್ತದೆ. ಹಾಗಾಗಿ ಕಾಂಟ್ರಾಕ್ಟ್‌ಗೆ ಸಹಿ ಹಾಕುವ ಮುಂಚೆಯೇ ಎರಡೂ ದೇಶಗಳ ನಿಯಮ ಬಲ್ಲ ತೆರಿಗೆ ಸಲಹೆಗಾರರಿಗೆ ನಿಮ್ಮ ಪಟ್ಟಿ ತೋರಿಸಿ. ನಿವಾಸಿಯಾದ ದೇಶದಿಂದ ತೆರಿಗೆ ನಿವಾಸ ಪ್ರಮಾಣಪತ್ರ ತೆಗೆದುಕೊಳ್ಳಿ. ಹಣ ಕೊಡುವ ಕಂಪನಿ ತೆರಿಗೆ ಹಿಡಿಯುವ ಮೊದಲೇ ಅದು ಅವರ ಕೈ ಸೇರಲಿ. ಹಿಡಿದ ಮೇಲೆ ವಾಪಸ್ ಪಡೆಯಲು ತುಂಬಾ ಓಡಾಡಬೇಕಾಗುತ್ತದೆ.