ಕೊಡಗಿನಲ್ಲಿ ಬಿಬಿಎ ಓದುವವರಿಗೆ: ದಾಖಲಾತಿಯಿಂದ ಪ್ರಾಜೆಕ್ಟ್ ವರದಿವರೆಗೆ

ಬಿಬಿಎ ಸುಲಭದ ಕೋರ್ಸ್ ಎಂಬ ಮಾತು ಅರ್ಧ ನಿಜ. ಮ್ಯಾನೇಜ್‌ಮೆಂಟ್ ಥಿಯರಿಯನ್ನು ಪರೀಕ್ಷೆಗೆ ಹದಿನೈದು ದಿನ ಇರುವಾಗ ಓದಿಯೂ ದಾಟಬಹುದು. ಅಕೌಂಟ್ಸ್, ಕಾಸ್ಟಿಂಗ್, ಸ್ಟ್ಯಾಟಿಸ್ಟಿಕ್ಸ್ ಹಾಗಲ್ಲ, ಪಾಸಾಗದೆ ಬ್ಯಾಕ್ ಉಳಿಯುವುದೂ ಹೆಚ್ಚಾಗಿ ಅಲ್ಲೇ. ಅದಕ್ಕೇ ಈ ಬರಹದ ಬಹುಪಾಲು ಲೆಕ್ಕದ ಪೇಪರುಗಳ ಬಗ್ಗೆಯೇ ಇದೆ.

ಸೇರುವ ಮುಂಚೆ ನೋಡಬೇಕಾದ್ದು ಎರಡು. 2024-25ರಿಂದ ಬಿಬಿಎ, ಬಿಸಿಎ ಕೋರ್ಸ್‌ಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ವ್ಯಾಪ್ತಿಗೆ ಬಂದಿವೆ. ಹಾಗಾಗಿ ಕಾಲೇಜಿಗೆ ಈ ವರ್ಷದ ಅನುಮೋದನೆ ಇದೆಯೇ ಎಂದು ಕಚೇರಿಯಲ್ಲಿ ನೇರವಾಗಿ ಕೇಳಿ. ಎರಡನೆಯದು ನಿಮ್ಮ ಪಠ್ಯಕ್ರಮ ಯಾವುದು ಎಂಬುದು. ಜಿಲ್ಲೆಯ ಕಾಲೇಜುಗಳು ಮೊದಲು ಮಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದವು, ಆಮೇಲೆ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಬಂತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದ್ಧತಿ ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸೀನಿಯರ್ ಕೊಟ್ಟ ನೋಟ್ಸ್, ಜೆರಾಕ್ಸ್ ಅಂಗಡಿಯ ಹಳೆ ಪ್ರಶ್ನೆಪತ್ರಿಕೆ ಇವುಗಳಲ್ಲಿ ಯಾವ ಪದ್ಧತಿಯದ್ದು ಬೇಕಾದರೂ ಇರಬಹುದು. ಪತ್ರಿಕೆಯ ತಲೆಯಲ್ಲಿರುವ ವಿಶ್ವವಿದ್ಯಾಲಯದ ಹೆಸರು, ವರ್ಷ, ಒಟ್ಟು ಅಂಕ ನೋಡಿಕೊಂಡೇ ಬಳಸಿ. ಲೆಕ್ಕಗಳು ಹೇಗಿದ್ದರೂ ಅಭ್ಯಾಸಕ್ಕೆ ಆಗುತ್ತವೆ, ಆದರೆ ಅಂಕ ಹಂಚಿಕೆಯನ್ನು ಹಳೆಯದರಿಂದ ಊಹಿಸಬೇಡಿ.

ಸ್ಕಾಲರ್‌ಶಿಪ್ ಅರ್ಜಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಅದು ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಹೆಸರಿನಲ್ಲಿ. ಮನೆತನದ ಹೆಸರು ಆಧಾರ್‌ನಲ್ಲಿ ಪೂರ್ತಿಯಾಗಿ ಮೊದಲು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಆಗಿ ಕೊನೆಗೆ ಇದ್ದರೆ ಕಂಪ್ಯೂಟರ್ ಇಬ್ಬರು ಬೇರೆ ಎಂದುಕೊಳ್ಳುತ್ತದೆ. ಅಂಕಪಟ್ಟಿ ತಿದ್ದಿಸುವುದಕ್ಕಿಂತ ಆಧಾರ್ ತಿದ್ದಿಸುವುದು ಸುಲಭ, ಅದನ್ನು ಮೊದಲು ಮಾಡಿ. ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದರಷ್ಟೇ ಸಾಲದು. ನೇರ ಹಣ ಜಮೆಗೆ ಆ ಖಾತೆ ಮ್ಯಾಪ್ ಆಗಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ.

ಪಿಯುಸಿಯಲ್ಲಿ ವಿಜ್ಞಾನ ಅಥವಾ ಕಲಾ ವಿಭಾಗದಲ್ಲಿದ್ದವರು ತರಗತಿ ಶುರುವಾಗುವ ಮೊದಲೇ ಪ್ರಥಮ ಪಿಯುಸಿ ಅಕೌಂಟೆನ್ಸಿ ಪುಸ್ತಕ ತೆಗೆದುಕೊಂಡು ಜರ್ನಲ್, ಲೆಡ್ಜರ್, ತಾಳೆಪಟ್ಟಿ (ಟ್ರಯಲ್ ಬ್ಯಾಲೆನ್ಸ್) ಈ ಮೂರು ಅಧ್ಯಾಯ ಮುಗಿಸಿರಬೇಕು. ದಿನಕ್ಕೆ ಹತ್ತು ಎಂಟ್ರಿಯಂತೆ ಮೂರು ವಾರ ಸಾಕು. ಉಳಿದ ಅಧ್ಯಾಯಗಳೆಲ್ಲ ಈ ಮೂರರ ಮೇಲೇ ನಿಂತಿರುವುದರಿಂದ ಇಲ್ಲಿ ಅರೆಬರೆ ಬಿಟ್ಟವರಿಗೆ ಕಂಪನಿ ಅಕೌಂಟ್ಸ್ ಬರುವ ಹೊತ್ತಿಗೆ ಏನೂ ಹತ್ತುವುದಿಲ್ಲ.

ಲೆಕ್ಕವನ್ನು ಓದಿ ಕಲಿಯಲಾಗದು. ಬಿಡಿಸಿದ ಲೆಕ್ಕವನ್ನು ಕಣ್ಣಲ್ಲಿ ಹಿಂಬಾಲಿಸಿದರೆ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ, ಖಾಲಿ ಹಾಳೆ ಎದುರಿಗಿದ್ದಾಗ ಮೊದಲ ಸಾಲೇ ಹೊಳೆಯುವುದಿಲ್ಲ. ಉತ್ತರ ಮುಚ್ಚಿ, ಗಡಿಯಾರ ಇಟ್ಟುಕೊಂಡು, ದಿನಕ್ಕೆ ಎರಡು ದೊಡ್ಡ ಲೆಕ್ಕ ಮಾಡಿ. ವರ್ಕಿಂಗ್ ನೋಟ್ ಪ್ರತಿ ಸಲ ಬರೆಯಿರಿ, ಕೊನೆಯ ಮೊತ್ತ ತಪ್ಪಿದರೂ ಹಂತಗಳಿಗೆ ಅಂಕ ಸಿಗುತ್ತದೆ.

ಸವಕಳಿಯ ಒಂದು ಲೆಕ್ಕ ನೋಡಿ. ಅಂಕಿಗಳೆಲ್ಲ ಅಭ್ಯಾಸಕ್ಕಾಗಿ ಇಟ್ಟುಕೊಂಡವು. ಅಕ್ಟೋಬರ್ 1ರಂದು ತೋಟಕ್ಕೆ 2,00,000 ರೂಪಾಯಿಯ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಬಂತು. ಸಾಗಣೆಗೆ 4,000, ಕೂರಿಸಲು 16,000. ಹತ್ತು ವರ್ಷದ ಬಾಳಿಕೆ, ಕೊನೆಗೆ ಗುಜರಿ ಬೆಲೆ 20,000. ಸಾಗಣೆ, ಕೂರಿಸಿದ ಖರ್ಚು ಎರಡೂ ಯಂತ್ರದ ಬೆಲೆಗೇ ಸೇರಬೇಕು, ಅಂದರೆ 2,20,000. ನೇರ ಪದ್ಧತಿಯಲ್ಲಿ ಗುಜರಿ ಬೆಲೆ ಕಳೆದು ಹತ್ತರಿಂದ ಭಾಗಿಸಿದರೆ ವರ್ಷಕ್ಕೆ 20,000. ಲೆಕ್ಕ ಮಾರ್ಚ್ 31ಕ್ಕೆ ಮುಗಿಯುವುದರಿಂದ ಮೊದಲ ವರ್ಷಕ್ಕೆ ಬರುವುದು ಆರು ತಿಂಗಳದ್ದು, 10,000 ಮಾತ್ರ. ಉಳಿದ ಬೆಲೆಯ ಮೇಲೆ ಸವಕಳಿ ಹಾಕುವ ಇಳಿಕೆ ಬಾಕಿ ಪದ್ಧತಿಯಲ್ಲಿ ಶೇ 10ರಂತೆ ಹಾಕಿದರೆ ಮೊದಲ ಆರು ತಿಂಗಳಿಗೆ 11,000, ಎರಡನೇ ವರ್ಷ 2,09,000ದ ಮೇಲೆ 20,900. ವಿದ್ಯಾರ್ಥಿಗಳು ಜಾರುವುದು ಎರಡು ಕಡೆ: ಕೂರಿಸಿದ ಕೂಲಿಯನ್ನು ಸಾಮಾನ್ಯ ಕೂಲಿ ಖಾತೆಗೆ ಹಾಕುತ್ತಾರೆ, ಖರೀದಿಯ ತಾರೀಕು ನೋಡದೆ ಇಡೀ ವರ್ಷದ ಸವಕಳಿ ಕಳೆಯುತ್ತಾರೆ. ಎರಡೂ ತಪ್ಪು ಅಪಾಯಕಾರಿ, ಏಕೆಂದರೆ ತಾಳೆಪಟ್ಟಿ ಆಗಲೂ ಸರಿಯಾಗಿಯೇ ಕೂಡುತ್ತದೆ.

ತಾಳೆಪಟ್ಟಿ ಕೂಡದಿದ್ದಾಗ ಎಲ್ಲವನ್ನೂ ಮೊದಲಿಂದ ನೋಡುವ ಅಗತ್ಯವಿಲ್ಲ. ವ್ಯತ್ಯಾಸವನ್ನು ಎರಡರಿಂದ ಭಾಗಿಸಿ ಆ ಮೊತ್ತ ಎಲ್ಲಾದರೂ ತಪ್ಪು ಬದಿಗೆ ಹೋಗಿದೆಯೇ ನೋಡಿ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ತಿರುವುಮುರುವಾಗಿರಬಹುದು, 5,400 ಬರೆಯುವಲ್ಲಿ 4,500 ಬರೆದರೆ 900 ಉಳಿಯುವಂತೆ.

ಕಾಸ್ಟ್ ಶೀಟ್, ಅಂದರೆ ವೆಚ್ಚದ ಪಟ್ಟಿ, ಅರ್ಥವಾಗಬೇಕಾದರೆ ಮನೆಯ ತೋಟದ ಅಥವಾ ಪರಿಚಯದ ತೋಟದ ಚೆಕ್‌ರೋಲ್ (ಕೆಲಸಗಾರರ ಹಾಜರಿ, ಕೂಲಿಯ ಪುಸ್ತಕ) ಒಮ್ಮೆ ಕೇಳಿ ನೋಡಿ. ಕಾಫಿ ಕುಯ್ದವರ ಕೂಲಿ ನೇರ ವೆಚ್ಚ, ತೋಟದ ಲೆಕ್ಕ ಬರೆಯುವ ರೈಟರ್ ಸಂಬಳ ಮೇಲ್ವೆಚ್ಚ. ಕಿಲೋ ಲೆಕ್ಕದ ಕೂಲಿ ಫಸಲಿನೊಂದಿಗೆ ಏರಿಳಿಯುತ್ತದೆ, ರೈಟರ್ ಸಂಬಳ ಫಸಲು ಬರಲಿ ಬಿಡಲಿ ಅಷ್ಟೇ. ಬದಲಾಗುವ ವೆಚ್ಚ, ಸ್ಥಿರ ವೆಚ್ಚ ಎಂದು ಪುಸ್ತಕ ಅರ್ಧ ಪುಟ ಹೇಳುವುದು ಇದನ್ನೇ. ಶೇಕಡಾವಾರು ಲೆಕ್ಕಕ್ಕೆ ಔಟ್‌ಟರ್ನ್ ಇದೆ. 50 ಕಿಲೋ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಚೀಲದಿಂದ 27 ಕಿಲೋ ಬೇಳೆ ಬಂದರೆ ಔಟ್‌ಟರ್ನ್ 27, ಅಂದರೆ ಶೇ 54. ವ್ಯಾಪಾರಿ ಪಾಯಿಂಟಿಗೆ 200 ರೂಪಾಯಿ ಹೇಳಿದರೆ ಚೀಲಕ್ಕೆ 5,400. ಒಂದು ಪಾಯಿಂಟ್ ಕಡಿಮೆ ಬಂದರೆ ನೂರು ಚೀಲಕ್ಕೆ 20,000 ಹೋಯಿತು.

ಲಾಭವೂ ಇಲ್ಲದ ನಷ್ಟವೂ ಇಲ್ಲದ ಹಂತ ಹುಡುಕುವ ಬ್ರೇಕ್ ಈವನ್ ಅಧ್ಯಾಯಕ್ಕೆ ಹೋಮ್‌ಸ್ಟೇಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಾಲ್ಕು ಕೋಣೆ ಇದೆ ಎಂದುಕೊಳ್ಳಿ. ತಿಂಗಳ ಸ್ಥಿರ ವೆಚ್ಚ: ಸಂಬಳ 18,000, ಸಾಲದ ಬಡ್ಡಿ 12,000, ಇಂಟರ್ನೆಟ್, ವಿಮೆ ಇತ್ಯಾದಿ 6,000, ಒಟ್ಟು 36,000. ಕೋಣೆಯ ಬಾಡಿಗೆ ರಾತ್ರಿಗೆ 2,500. ಅದರಲ್ಲಿ ಊಟ ತಿಂಡಿಗೆ 600, ಬಟ್ಟೆ ಒಗೆತಕ್ಕೆ 150, ಬಿಸಿನೀರು ಕರೆಂಟಿಗೆ 175, ಬುಕಿಂಗ್ ಆ್ಯಪ್‌ಗೆ ಶೇ 15 ಕಮಿಷನ್ ಎಂದರೆ 375. ಹೀಗೆ 1,300 ಹೋಗಿ ಸ್ಥಿರ ವೆಚ್ಚಕ್ಕೆಂದು ಉಳಿಯುವ ಕಾಂಟ್ರಿಬ್ಯೂಷನ್ 1,200. 36,000ವನ್ನು ಇದರಿಂದ ಭಾಗಿಸಿದರೆ 30 ಕೋಣೆ-ರಾತ್ರಿ, ನಾಲ್ಕು ಕೋಣೆಯ ತಿಂಗಳ 120ರಲ್ಲಿ ಕಾಲು ಭಾಗ. ಜುಲೈ ಮಳೆಗೆ ಹತ್ತೇ ರಾತ್ರಿ ಹೋದರೆ 24,000 ನಷ್ಟ.

ಈಗ ಮಾಲೀಕರು ಮಳೆಗಾಲದ ರಿಯಾಯಿತಿ ಎಂದು ಶೇ 20 ಇಳಿಸುತ್ತಾರೆ. ಬಾಡಿಗೆ 2,000, ಕಮಿಷನ್ 300, ಬದಲಾಗುವ ವೆಚ್ಚ 1,225, ಉಳಿಯುವುದು 775. ಬ್ರೇಕ್ ಈವನ್ 47 ರಾತ್ರಿಗೆ ಜಿಗಿಯುತ್ತದೆ. ಬೆಲೆ ಐದರಲ್ಲೊಂದು ಪಾಲು ಇಳಿದದ್ದಕ್ಕೆ ತುಂಬಬೇಕಾದ ಕೋಣೆಗಳು ಒಂದೂವರೆ ಪಟ್ಟಿಗೂ ಹೆಚ್ಚಾದವು. ಏಕೆ ಎಂದು ನಾಲ್ಕು ಸಾಲಿನಲ್ಲಿ ಬರೆಯಲು ಬಂದರೆ ಮಾರ್ಜಿನಲ್ ಕಾಸ್ಟಿಂಗ್ ಬಂತೆಂದೇ ಅರ್ಥ.

ಕಾನೂನು ಪೇಪರಿಗೆ ಕಾಯ್ದೆಯ ಹೆಸರು, ವರ್ಷ, ಕಲಂ, ಒಂದು ಉದಾಹರಣೆ ಇದ್ದರೆ ಉತ್ತರ ಗಟ್ಟಿ. ಕರಾರು ಕಾಯ್ದೆ 1872ರ 10ನೇ ಕಲಂ ಸಿಂಧು ಕರಾರಿನ ಅಂಶಗಳನ್ನು ಹೇಳುತ್ತದೆ. ಅಪ್ರಾಪ್ತರ ಕರಾರಿನ ಪ್ರಶ್ನೆ ಬಂದರೆ 1903ರ ಮೊಹೊರಿ ಬೀಬಿ ಪ್ರಕರಣ ಬಿಡಬೇಡಿ. ಸರಕು ಮಾರಾಟ ಕಾಯ್ದೆ 1930ಕ್ಕೆ ಕರಿಮೆಣಸನ್ನು ಬಳ್ಳಿಯಲ್ಲೇ ಗುತ್ತಿಗೆ ಕೊಡುವ ವ್ಯವಹಾರ ಬರೆಯಿರಿ. ಬೆಳೆ ನೆಲಕ್ಕಂಟಿದ್ದರೂ, ಕುಯ್ದು ಬೇರ್ಪಡಿಸಬೇಕೆಂದು ಕರಾರಿನಲ್ಲಿ ಒಪ್ಪಿದ್ದರೆ ಅದು ಸರಕು ಎನ್ನುತ್ತದೆ 2(7)ನೇ ಕಲಂ.

ಥಿಯರಿಯಲ್ಲಿ ಮ್ಯಾನೇಜ್‌ಮೆಂಟ್ ಚಿಂತಕ ಫೇಯಾಲ್‌ನ 14 ತತ್ವಗಳಿಗೆ ಪಟ್ಟಿ ಸಾಕಾಗುವುದಿಲ್ಲ, ಪ್ರತಿಯೊಂದಕ್ಕೂ ಒಂದು ಸಾಲಿನ ವಿವರಣೆ ಬೇಕು. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡುವ ಬದಲು ಪಾರಿಭಾಷಿಕ ಪದವನ್ನು ಹಾಗೆಯೇ ಇಟ್ಟು, ಅರ್ಥವನ್ನು ಕನ್ನಡದಲ್ಲಿ ಬರೆದ ನೋಟ್‌ಬುಕ್ ಇಟ್ಟುಕೊಳ್ಳಲಿ. ಬಾಯಿಪಾಠದಲ್ಲಿ ನಡುವಿನ ಒಂದು ಪದ ಮರೆತರೆ ಇಡೀ ಪ್ಯಾರಾ ಹೋಗುತ್ತದೆ.

ಇಲ್ಲಿಯ ವರ್ಷಕ್ಕೆ ತನ್ನದೇ ನಡೆ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಆ ದಿನಗಳಿಗೆಂದು ಪಿಡಿಎಫ್ ಮೊದಲೇ ಇಳಿಸಿಟ್ಟು ಲೆಕ್ಕದ ಪುಟಗಳನ್ನು ಪ್ರಿಂಟ್ ಮಾಡಿಸಿ, ಹಾಳೆ ಪೆನ್ನಿಗೆ ಚಾರ್ಜ್ ಬೇಡ. ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಕಾಫಿ ಕುಯ್ಲು ಜೋರಾಗುತ್ತದೆ, ಮನೆಯಲ್ಲಿ ಎಲ್ಲರ ಕೈಯೂ ಬೇಕು. ಆದ್ದರಿಂದ ಲೆಕ್ಕದ ಪೇಪರಿನ ಮೊದಲ ಸುತ್ತು ಪುತ್ತರಿಗೆ ಮುಂಚೆಯೇ ಮುಗಿದಿರಲಿ. ಹಾಜರಿ ಶೇ 75ಕ್ಕಿಂತ ಕೆಳಗಿಳಿಯುವುದೂ ಈ ಕುಯ್ಲಿನ ವಾರಗಳಲ್ಲೇ, ಪ್ರತಿ ತಿಂಗಳು ಎಣಿಸುತ್ತಿರಿ.

ಪ್ರಾಜೆಕ್ಟ್ ವರದಿಗೆ 'ಕೊಡಗಿನ ಹೋಮ್‌ಸ್ಟೇಗಳಲ್ಲಿ ಗ್ರಾಹಕರ ತೃಪ್ತಿ' ಎಂಬ ವಿಷಯ ಬೇಡ. ತೀರಾ ಅಗಲ, ಎಲ್ಲರೂ ಮಾಡಿ ಸವೆದದ್ದು, ತೃಪ್ತಿ ಎಂದು ಟಿಕ್ ಹಾಕದ ಅತಿಥಿ ಸಿಗುವುದೂ ಕಷ್ಟ. ಅದನ್ನೇ ಒಂದು ಊರಿಗೆ, ಒಂದು ಪ್ರಶ್ನೆಗೆ ಇಳಿಸಿ: ಕಕ್ಕಬ್ಬೆ ಸುತ್ತಿನ ಹೋಮ್‌ಸ್ಟೇಗಳಲ್ಲಿ ಆ್ಯಪ್ ಕಮಿಷನ್ ಕಳೆದರೆ ಕೋಣೆಗೆ ಉಳಿಯುವುದೆಷ್ಟು, ನೇರ ಫೋನ್ ಬುಕಿಂಗ್‌ನಲ್ಲಿ ಎಷ್ಟು? ಮೂವತ್ತು ಮಾಲೀಕರು, ಹನ್ನೆರಡು ಪ್ರಶ್ನೆ ಸಾಕು. 'ನಿಮ್ಮ ಆದಾಯವೆಷ್ಟು' ಎಂದು ಕೇಳಿದರೆ ಯಾರೂ ಹೇಳುವುದಿಲ್ಲ, 'ಕಳೆದ ತಿಂಗಳು ಎಷ್ಟು ರಾತ್ರಿ ಕೋಣೆ ತುಂಬಿತ್ತು' ಎಂದರೆ ಹೇಳುತ್ತಾರೆ. ಮೊದಲು ಐವರ ಮೇಲೆ ಪ್ರಶ್ನಾವಳಿ ಪರೀಕ್ಷಿಸಿ, ಅರ್ಥವಾಗದ್ದನ್ನು ತಿದ್ದಿ, ಆಮೇಲೆ ಉಳಿದವರ ಬಳಿ ಹೋಗಿ. ಕಾಫಿಯ ವಿಷಯ ಆರಿಸಿದರೆ ಕಾಫಿ ಬೋರ್ಡ್ ಜಾಲತಾಣದ ದೈನಂದಿನ ಬೆಲೆ ಬಳಸಬಹುದು. ತಾರೀಕು, ತಳಿ, ಚೆರಿಯೋ ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಎಂಬುದನ್ನು ಪ್ರತಿ ಅಂಕಿಯ ಪಕ್ಕ ಬರೆಯಿರಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಮೊದಲ ಪ್ರಶ್ನೆ ಹೆಚ್ಚಾಗಿ ಈ ಮೂವತ್ತನ್ನು ಹೇಗೆ ಆರಿಸಿದಿರಿ ಎಂಬುದು. ಹತ್ತಿರ ಸಿಕ್ಕವರನ್ನು ಕೇಳಿದ್ದರೆ ಹಾಗೆಂದೇ ಹೇಳಿ, ಅದಕ್ಕೆ ಅನುಕೂಲ ಮಾದರಿ ಎಂಬ ಹೆಸರಿದೆ, ವರದಿಯ ಮಿತಿಗಳ ಅಧ್ಯಾಯದಲ್ಲೂ ಬರೆದಿಡಿ. ಯಾದೃಚ್ಛಿಕ (ರ‍್ಯಾಂಡಮ್) ಮಾದರಿ ಎಂದು ಬರೆದರೆ ಎರಡನೇ ಪ್ರಶ್ನೆ, ಚೀಟಿ ಎತ್ತಲು ಎಲ್ಲ ಹೋಮ್‌ಸ್ಟೇಗಳ ಪಟ್ಟಿ ಎಲ್ಲಿಂದ ತಂದಿರಿ ಎಂದು ಬರುತ್ತದೆ.